ಸೊಂಟದ ಅಳತೆ

ಶಾಲೆ ಶುರುವಾಗುವ ತಿಂಗಳು ಬಂತೆಂದರೆ ಟೈಲರಮ್ಮನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅವಳ ಅಂಗಡಿ ಇರುವುದೇ ಶಾಲೆಯ ಗೇಟಿನ ಎದುರು. ಇಡೀ ಶಾಲೆಯ ಸಮವಸ್ತ್ರ ಅವಳ ಒಂದೇ ಹೊಲಿಗೆ ಯಂತ್ರದ ಕೆಳಗೆ ಹಾದು ಹೋಗಬೇಕು. ಅಂಥ ಗಡಿಬಿಡಿಯ ಒಂದು ಬೆಳಿಗ್ಗೆ, ಪಕ್ಕದ ಬೀದಿಯ ಇಸ್ತ್ರಿಯವಳು ಬಂದು ಚೀಲದಿಂದ ಎರಡು ನೀಲಿ ಸ್ಕರ್ಟು, ಎರಡು ಬಿಳಿ ಶರ್ಟು ತೆಗೆದು ಮೇಜಿನ ಮೇಲಿಟ್ಟಳು. ಕತ್ತರಿಸಲು ತಂದ ಬಟ್ಟೆಗೂ ಗೆರೆ ಮುರಿಯದಂತೆ ಇಸ್ತ್ರಿ ಮಾಡಿದ್ದಳು.

"ದೊಡ್ಡ ಮಗಳ ಬಟ್ಟೆ ಇವು, ಚಿಕ್ಕವಳ ಅಳತೆಗೆ ಕತ್ತರಿಸಿ ಕೊಡಿ ಅಕ್ಕಾ."

"ದೊಡ್ಡವಳು ಏನು ಹಾಕ್ಕೊಂಡು ಹೋಗ್ತಾಳೆ?"

"ಅವಳಿಗೆ ಇನ್ನೆಲ್ಲಿಯ ಶಾಲೆ. ಮಗು ಹೆತ್ತವಳನ್ನ ಸೇರಿಸ್ಕೊಳ್ಳಲ್ಲ ಅಂತ ಹೆಡ್‌ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ರು. ಎಲ್ಲರ ಎದುರು ತಲೆ ತಗ್ಗಿಸ್ಕೊಂಡು ಬಂದೆ."

ದೊಡ್ಡವಳಿಗೆ ಹದಿನಾರು. ತೆಳ್ಳಗಿದ್ದಾಳೆಂದು ಟೈಲರಮ್ಮನೇ ಅವಳಿಗೆ 'ಕಡ್ಡಿ' ಎಂದು ಹೆಸರಿಟ್ಟಿದ್ದಳು. ನಾಲ್ಕು ತಿಂಗಳ ಹಿಂದೆ ಅವಳಿಗೆ ಹೆಣ್ಣು ಮಗು ಹುಟ್ಟಿತ್ತು. ಇನ್ನೊಂದು ವರ್ಷ ಓದಿದ್ದರೆ ಶಾಲೆಯೇ ಮುಗಿಯುತ್ತಿತ್ತು.

ಟೈಲರಮ್ಮ ಒಂದು ಸ್ಕರ್ಟನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದಳು, ಕತ್ತರಿ ಎತ್ತಿಕೊಂಡಳು, ಅಲ್ಲಿಯೇ ನಿಂತಳು. ಸೊಂಟಪಟ್ಟಿಯ ಪಕ್ಕದಲ್ಲಿ ಹಳೆಯ ಹೊಲಿಗೆಯ ಸೂಜಿ ತೂತುಗಳು ಮೂರು ಸಾಲು ಇದ್ದವು. ಮೂರು ಸಲ ಬಿಚ್ಚಿ ಮೂರು ಸಲ ಸಡಿಲ ಮಾಡಿದ ಗುರುತು. ಆ ಕೆಲಸ ಮಾಡಿದ್ದು ಅವಳೇ.

ಮೊದಲ ಸಲ, "ಏನೇ ಕಡ್ಡಿ, ಊಟ ಮೈಗೆ ಹತ್ತುತ್ತಿದೆ ಕಣೇ" ಎಂದು ರೇಗಿಸಿದ್ದಳು. ಎರಡನೆಯ ಸಲ ಸೊಂಟ ಎರಡಿಂಚು ಬೆಳೆದಿತ್ತು, ತೋಳು ಬೆಳೆದಿರಲಿಲ್ಲ. ಮೂವತ್ತು ವರ್ಷ ಟೇಪು ಹಿಡಿದವಳಿಗೆ, ಎರಡು ಹೆತ್ತವಳಿಗೆ, ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಂಡವರ ಮನೆಯ ಉಸಾಬರಿ ನನಗೇಕೆ ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಮೂರನೆಯ ಸಲ ಅಳತೆ ಮುಗಿದ ಮೇಲೂ ಹುಡುಗಿ ಮೇಜಿನ ಅಂಚು ಸವರುತ್ತಾ ನಿಂತೇ ಇದ್ದಳು. "ಇನ್ನೇನಾದ್ರೂ ಬೇಕಿತ್ತಾ?" ಎಂದು ಕೇಳಿದ್ದಕ್ಕೆ "ಏನಿಲ್ಲ ಆಂಟಿ" ಎಂದು ಹೊರಟುಹೋಗಿದ್ದಳು.

ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಇದನ್ನ ನಾನು ಕತ್ತರಿಸಲ್ಲ."

"ನಿಮಗೇನಕ್ಕಾ, ಹೇಳೋದು ಸುಲಭ" ಇಸ್ತ್ರಿಯವಳಿಗೂ ಸಿಟ್ಟು ಬಂತು. "ಅವಳು ಶಾಲೆಗೆ ಹೋದ್ರೆ ಮಗು ನೋಡ್ಕೊಳ್ಳೋರು ಯಾರು? ನಾನು ಇಸ್ತ್ರಿ ಬಿಟ್ಟು ಕೂತ್ರೆ ಮನೇಲಿ ಒಲೆ ಉರಿಯಲ್ಲ."

"ನಾನು ನೋಡ್ಕೋತೀನಿ." ಯೋಚನೆ ಮಾಡುವ ಮೊದಲೇ ಮಾತು ಬಾಯಿಂದ ಬಿದ್ದಿತ್ತು.

ಸಂಜೆ ಅವಳು ಇಸ್ತ್ರಿಯವಳ ಮನೆಗೇ ಹೋದಳು. ಕಡ್ಡಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬಲಗೈಯಲ್ಲಿ ಹಳೆಯ ಗಣಿತದ ನೋಟ್‌ಬುಕ್ ತಿರುವುತ್ತಿದ್ದಳು.

"ಆವತ್ತು ಅಂಗಡೀಲಿ ಏನೋ ಹೇಳಕ್ಕೆ ನಿಂತಿದ್ದೆ ಅಲ್ವೇನೇ?"

"ಹೂಂ. ನಿಮಗೇ ಹೇಳೋಣ ಅಂತ ನಿಂತಿದ್ದೆ. ನೀವು ಆಗಲೇ ಇನ್ನೊಬ್ಬರ ಅಳತೆ ತಗೊಳ್ತಿದ್ರಿ." ಹುಡುಗಿಯ ದನಿಯಲ್ಲಿ ದೂರು ಇರಲಿಲ್ಲ. ಅದೇ ಟೈಲರಮ್ಮನಿಗೆ ಹೆಚ್ಚು ನೋಯಿತು. "ಹೀಗೆಲ್ಲ ಆಗತ್ತೆ ಅಂತ ನಂಗೆ ಸರಿಯಾಗಿ ಗೊತ್ತೇ ಇರಲಿಲ್ಲ ಆಂಟಿ. ವಿಜ್ಞಾನದ ಪುಸ್ತಕದಲ್ಲಿ ಮಗು ಹುಟ್ಟೋ ಪಾಠ ಬಂದಾಗ ಹೆಡ್‌ಮೇಡಂ, ಮನೇಲಿ ಓದ್ಕೊಳ್ಳಿ ಅಂದ್ರು. ಮನೇಲಿ ಓದಕ್ಕೆ ಕೂತ್ರೆ ಅಮ್ಮ ಆ ಚಿತ್ರ ನೋಡಿ ಪುಸ್ತಕ ಕಿತ್ಕೊಂಡಳು."

ಇಸ್ತ್ರಿಯವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಟೈಲರಮ್ಮನಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಅಳತೆಯ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ಹೆಡ್‌ಮೇಡಂ ಕೋಣೆಗೆ ನುಗ್ಗಿದಳು. ಸಮವಸ್ತ್ರದ ವಿಷಯವಿರಬೇಕೆಂದು ಹೆಡ್‌ಮೇಡಂ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಎರಡು ಪುಟ ತೆರೆದು ಅವರ ಮುಂದಿಟ್ಟಳು.

"ಇದು ಕಡ್ಡಿ ಸೊಂಟ. ಇಪ್ಪತ್ನಾಲ್ಕು, ಇಪ್ಪತ್ತಾರು, ಇಪ್ಪತ್ತೊಂಬತ್ತು. ಆಮೇಲೆ ಅವಳು ಶಾಲೆ ಬಿಟ್ಟಳು. ಇದು ಹಾರ್ಡ್‌ವೇರ್ ಅಂಗಡಿಯವರ ಮಗಂದು. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು. ಒಂದಿಂಚೂ ಆಚೀಚೆ ಆಗಿಲ್ಲ. ಅವನು ನಿಮ್ಮ ಶಾಲೆಯಲ್ಲಿ ಮೊದಲ ಬೆಂಚಲ್ಲಿ ಕೂತಿದ್ದಾನೆ."

ಮಗುವಿನ ಅಪ್ಪ ಆ ಹುಡುಗನೇ ಎಂದು ಬೀದಿಗೆಲ್ಲ ಗೊತ್ತಿತ್ತು. ಕಡ್ಡಿಯ ತರಗತಿಯವನೇ. ಅವನ ಹೆಸರನ್ನು ಮಾತ್ರ ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

"ನನ್ನ ಕಷ್ಟವೂ ಸ್ವಲ್ಪ ನೋಡಿ" ಎಂದರು ಹೆಡ್‌ಮೇಡಂ. "ಅವಳನ್ನ ಸೇರಿಸ್ಕೊಂಡ್ರೆ ನಾಳೆ ಹತ್ತು ಜನ ಹೆಣ್ಣುಮಕ್ಕಳ ತಂದೆತಾಯಿ ಬಂದು ಇದೇ ಮೇಜು ಗುದ್ದುತ್ತಾರೆ. ಅವಳನ್ನ ನೋಡಿ ಉಳಿದವರು ಕೆಟ್ಟರೆ ಯಾರು ಹೊಣೆ ಅಂತಾರೆ."

"ಅವನನ್ನ ನೋಡಿ ಯಾರೂ ಕೆಡಲ್ವಾ?"

ಹೆಡ್‌ಮೇಡಂ ಎದ್ದು ಕೋಣೆಯ ಬಾಗಿಲು ಮುಚ್ಚಿದರು.

"ವಿಜ್ಞಾನ ಹೇಳ್ಕೊಡೋದು ನೀವೇ ಅಲ್ವಾ ಮೇಡಂ? ಆ ಒಂದು ಪಾಠ ಮನೇಲಿ ಓದ್ಕೊಳ್ಳಿ ಅಂದ್ರಂತೆ."

ಹೆಡ್‌ಮೇಡಂ ಅಳತೆಯ ಪುಸ್ತಕದ ಸಂಖ್ಯೆಗಳ ಮೇಲೆ ಬೆರಳಾಡಿಸಿದರು. "ಪ್ರತಿ ವರ್ಷ ಹಾಗೇ ಅಂತೀನಿ" ಎಂದರು. "ಹುಡುಗರು ಕಿಸಿಕಿಸಿ ನಗ್ತಾರೆ. ನನಗೆ ನಾಚಿಕೆ ಆಗತ್ತೆ."

"ನನಗೂ ನಾಚಿಕೆಯೇ ಆಗಿದ್ದು. ಗೊತ್ತಿದ್ದೂ ಹೊಲಿಗೆ ಬಿಚ್ಚಿ ಕಳಿಸ್ದೆ. ನಮ್ಮಿಬ್ಬರ ನಾಚಿಕೆಗೆ ಆ ಹುಡುಗಿ ಮನೇಲಿ ಕೂತಿದ್ದಾಳೆ." ಟೈಲರಮ್ಮನ ಸಿಟ್ಟು ಇಳಿಯಲಿಲ್ಲ. "ಮಗೂನ ಎದುರಿನ ಅಂಗಡೀಲಿ ನಾನು ನೋಡ್ಕೋತೀನಿ."

"ಸೋಮವಾರ ಕಳಿಸಿ" ಎಂದರು ಹೆಡ್‌ಮೇಡಂ. "ಮೇಜು ಗುದ್ದೋರು ಬಂದ್ರೆ ನಾನು ನೋಡ್ಕೋತೀನಿ. ಹಾಲು ಕೊಡಕ್ಕೆ ಅಂತ ಬಿಡುವಿನ ಹೊತ್ತಲ್ಲಿ ಅವಳಿಗೆ ಗೇಟು ತೆಗೆಯಕ್ಕೆ ಹೇಳಿರ್ತೀನಿ. ಆ ಪಾಠವನ್ನೂ ಈ ಸಲ ನಾನೇ ಮಾಡ್ತೀನಿ."

ಉಳಿದ ಬಟ್ಟೆಗಳೆಲ್ಲ ಪಕ್ಕಕ್ಕೆ ಸರಿದವು. ಟೈಲರಮ್ಮ ಕಡ್ಡಿಯ ಸ್ಕರ್ಟುಗಳನ್ನು ಬಿಚ್ಚಿ ಹೊಸದಾಗಿ ಹೊಲಿದಳು. ಎರಡೂ ಶರ್ಟುಗಳ ಎದೆಯ ಎರಡು ಕಡೆ ಮಡಿಕೆ ಕೊಟ್ಟು, ಮಡಿಕೆಯ ಒಳಗೆ ಒತ್ತುಗುಂಡಿ ಇಟ್ಟಳು. ಹೊರಗಿನಿಂದ ನೋಡಿದರೆ ಎಲ್ಲರ ಶರ್ಟಿನ ಹಾಗೆಯೇ ಇತ್ತು. ಮಗುವಿಗೆ ಹಾಲು ಕೊಡುವಾಗ ಮಾತ್ರ ಅದು ತೆರೆಯುತ್ತಿತ್ತು.

ಸೋಮವಾರದಿಂದ ಯಂತ್ರದ ಪಕ್ಕದ ಬಟ್ಟೆಯ ಬುಟ್ಟಿಯಲ್ಲಿ ಮಗು ಮಲಗಿತು. ಬಿಡುವಿನ ಗಂಟೆ ಹೊಡೆದ ಕೂಡಲೇ ಕಡ್ಡಿ ರಸ್ತೆ ದಾಟಿ ಓಡಿ ಬರುತ್ತಿದ್ದಳು, ಪರದೆಯ ಹಿಂದೆ ಕೂತು ಹಾಲು ಕೊಡುತ್ತಿದ್ದಳು, ಗಂಟೆ ಹೊಡೆದರೆ ಮತ್ತೆ ಓಡುತ್ತಿದ್ದಳು. ಗೇಟಿನ ಬಳಿ ಕೆಲವರು ಮಾತಾಡಿಕೊಂಡರು. ಟೈಲರಮ್ಮ ಬಾಗಿಲಿಗೆ ಬಂದು ಅವರನ್ನು ದಿಟ್ಟಿಸಿ ನೋಡಿದರೆ ಚದುರುತ್ತಿದ್ದರು.

ಎರಡು ವಾರದ ಮೇಲೆ, ಕಡ್ಡಿ ಪರದೆಯ ಹಿಂದೆ ಇದ್ದಾಗಲೇ, ಹಾರ್ಡ್‌ವೇರ್ ಅಂಗಡಿಯವರ ಮಗ ಹೊಸ ಪ್ಯಾಂಟಿನ ಬಟ್ಟೆ ಹಿಡಿದುಕೊಂಡು ಬಂದ. ಟೈಲರಮ್ಮ ಟೇಪು ಎತ್ತಿಕೊಳ್ಳಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಕಡ್ಡಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು, ಅವನನ್ನು ನೋಡಿ ನಿಂತಳು. ಮಗು ಅಳುತ್ತಿತ್ತು.

"ಮಗೂನ ಅವನ ಕೈಗೆ ಕೊಡ್ತೀಯೇನೇ?" ಎಂದು ಟೈಲರಮ್ಮ ಕೇಳಿದಳು.

ಕಡ್ಡಿ ಮಗುವನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದಳು. ಆಮೇಲೆ ಅವನ ಹತ್ತಿರ ಹೋಗಿ, "ಕುತ್ತಿಗೆ ಕೆಳಗೆ ಕೈ ಇಟ್ಟು ಹಿಡಿ" ಎಂದು ಹೇಳಿ ಮಗುವನ್ನು ಕೊಟ್ಟಳು.

"ಬೆಲ್ ಆಯ್ತು ಆಂಟಿ" ಹುಡುಗನ ಮುಖ ಬಿಳಿಚಿಕೊಂಡಿತ್ತು. "ಕ್ಲಾಸಿದೆ."

"ಅವಳಿಗೂ ಅದೇ ಬೆಲ್ಲು, ಅದೇ ಕ್ಲಾಸು" ಎಂದಳು ಟೈಲರಮ್ಮ. "ಅವಳಿಗೆ ಅರ್ಧ ವರ್ಷದ ಪಾಠ ತಪ್ಪಿದೆ. ನೀನು ಒಂದು ಪೀರಿಯಡ್ಡು ತಪ್ಪಿಸು. ಕೂತ್ಕೋ."

ಕಡ್ಡಿ ರಸ್ತೆ ದಾಟಿದಳು. ಹಿಂದಿರುಗಿ ನೋಡಲಿಲ್ಲ. ಹುಡುಗ ಸ್ಟೂಲಿನ ಮೇಲೆ ಮೊಣಕೈ ಬಿಗಿಹಿಡಿದು ಕೂತ. ಮಗು ಅಳುತ್ತಾ ಅಳುತ್ತಾ ಅವನ ಶರ್ಟಿನ ಗುಂಡಿ ಹಿಡಿದುಕೊಂಡಿತು. ಟೈಲರಮ್ಮ ಬೆನ್ನು ತಿರುಗಿಸಿ ಯಂತ್ರ ತುಳಿಯತೊಡಗಿದಳು.