ಬೀಗದಬಾಯಿಯೂ ತಾಯಿಯ ತಟ್ಟೆಯೂ

ಈ ಕತೆಯನ್ನು ಮೊದಲು ಹೇಳಿದವಳು ಹಾಸಿಗೆ ಹೊಲಿಯುವ ಕಾರ್ಖಾನೆಯ ಹಿರಿಯ ಹೆಂಗಸು. ಹೇಳಿದ್ದು ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತಿದ್ದ ಒಂದು ಮಧ್ಯಾಹ್ನ. ಹತ್ತಿಯ ಮೂಟೆಗಳ ಮೇಲೆ ಕುಳಿತು ಕೇಳಿದವರಲ್ಲಿ ಹೆಚ್ಚಿನವರು ಎಳೆಮಕ್ಕಳ ತಾಯಂದಿರು.

ಇಸ್ತ್ರಿ ಅಂಗಡಿಯ ಮನೆಗೊಬ್ಬ ಸೊಸೆ. ಊರವರ ಬಟ್ಟೆಯ ಸುಕ್ಕನ್ನೆಲ್ಲ ಬಿಡಿಸಬಲ್ಲ ಅವಳಿಗೆ ತನ್ನ ಕೂಸಿನ ತುಟಿ ಬಿಡಿಸಲು ಮಾತ್ರ ಆಗುತ್ತಿರಲಿಲ್ಲ. ಎದೆಹಾಲು ಕುಡಿಯುವ ಕೂಸು ಗಂಜಿಯ ಚಮಚ ಕಂಡರೆ ಸಾಕು, ಬಾಯಿ ಬಿಗಿದು ಮುಖ ತಿರುಗಿಸುತ್ತಿತ್ತು. ಬೀದಿಯವರು ಅದಕ್ಕೆ ಬೀಗದಬಾಯಿ ಎಂದು ಹೆಸರಿಟ್ಟರು. ತಾಯಿ ಕಾಗೆ ತೋರಿಸಿದಳು, ಗುಬ್ಬಿ ತೋರಿಸಿದಳು. ಕೂಸು ಎರಡನ್ನೂ ಚೆನ್ನಾಗಿ ನೋಡಿತು; ಬಾಯಿ ತೆರೆಯಲಿಲ್ಲ.

ಕೊನೆಗೆ ಅತ್ತೆ ಅಟ್ಟದಿಂದ ಒಳಲೆ ಇಳಿಸಿದಳು. ಮೂತಿಯುಳ್ಳ ಆ ಹಿತ್ತಾಳೆ ಬಟ್ಟಲಿನಿಂದಲೇ ಅವಳು ತನ್ನ ಮಕ್ಕಳನ್ನು ಸಾಕಿದ್ದಳು: ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿ ಬಿಟ್ಟೊಡನೆ ಹುಯ್ಯುವುದು.

"ನಾಳೆ ಮಧ್ಯಾಹ್ನದಿಂದ ನಾನೇ ಹುಯ್ತೀನಿ. ನಿನ್ನ ಗಂಡನೂ ಹೀಗೇ ದೊಡ್ಡೋನಾಗಿದ್ದು."

"ಅದಕ್ಕೇ ಅತ್ತೆ, ಇವತ್ತಿಗೂ ಏನು ಹಾಕಿದ್ರೂ ರುಚಿ ನೋಡ್ದೆ ನುಂಗ್ತಾರೆ. ನನ್ನ ಮಗೂಗೆ ಉಸಿರು ಕಟ್ಟಿದ್ರೆ?"

ಮೂಲೆಯಲ್ಲಿದ್ದ ಗಂಡ ಕೆಮ್ಮಿದ. ಯಾರ ಪರವಾಗಿ ಎಂಬುದು ತಿಳಿಯಲಿಲ್ಲ.

ಆ ಮನೆಯಲ್ಲಿ ಸೊಸೆ ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯ ಬಾಗಿಲ ಹಿಂದೆ ಗೋಡೆಯತ್ತ ಮುಖಮಾಡಿ ನಿಂತೇ ಉಣ್ಣುತ್ತಿದ್ದಳು. ಮರುದಿನ, ಮುಂದೆ ಕಾದಿರುವ ಜಗಳಕ್ಕೆ ಬಲವಿರಲೆಂದು, ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಬೆಂದ ಕುಂಬಳದ ಹೋಳೊಂದನ್ನು ಬಾಯಿಗೆ ಹಾಕಿಕೊಂಡಳು. ಕೂಸಿನ ಕಣ್ಣು ಅವಳ ದವಡೆಯ ಮೇಲೆ ನೆಟ್ಟಿತು. ಅವಳು ಅಗಿದಂತೆಲ್ಲ ಅದರ ತುಟಿಯೂ ಅಲುಗಿತು.

ಅವಳು ತಟ್ಟೆ ತುಂಬಿಕೊಂಡು ಬಂದು, ಯಾರಿಗೂ ಬಡಿಸದೆ ನಡುಮನೆಯಲ್ಲಿ ಕುಳಿತಳು. ಕೂಸನ್ನು ಎದುರಿಗೆ ಕೂರಿಸಿಕೊಂಡಳು.

"ಏನೇ ಇದು, ಎಲ್ಲರಿಗಿಂತ ಮುಂಚೆ ಕೂತ್ಬಿಟ್ಯಾ?"

"ಕೂತ್ಬಿಟ್ಟೆ."

"ಬಡಿಸೋರು ಯಾರು?"

"ಪಾತ್ರೆ ಅಲ್ಲಿದೆ, ಸೌಟು ಅದರಲ್ಲೇ ಇದೆ, ಕೈ ನಿಮ್ಮ ಮಗನ ಹತ್ರ ಇದೆ."

ಅತ್ತೆ ಒಳಲೆ ಹಿಡಿದು ಕೂಸಿನತ್ತ ಬಾಗಿದಳು. ಸೊಸೆ ಎಡಗೈ ಅಡ್ಡ ಚಾಚಿದಳು.

"ಮುಟ್ಬೇಡಿ ಅತ್ತೆ. ಅದು ನೋಡ್ತಾ ಇದೆ."

"ನೋಡಿದ್ರೆ ಹೊಟ್ಟೆ ತುಂಬುತ್ತಾ?"

"ಇಷ್ಟು ದಿನ ನಾನು ಉಣ್ಣೋದನ್ನ ಅದು ನೋಡೇ ಇಲ್ಲ. ಅವ್ವ ಬಾಯಿಗಿಡದೇ ಇದ್ದದ್ದನ್ನ ಅದು ಯಾಕೆ ನಂಬಬೇಕು?"

ಅವಳು ಅವಸರಪಡದೆ ಒಂದೊಂದೇ ತುತ್ತು ಅಗಿದಳು. ಚಾಚಿದ ಕೈ ಇಳಿಯಲಿಲ್ಲ. ಬೀಗದಬಾಯಿ ತಟ್ಟೆಗೆ ಕೈ ಹಾಕಿ ಹೋಳೊಂದನ್ನು ಹಿಸುಕಿತು, ಮೂಗಿಗೆ ಬಳಿದುಕೊಂಡಿತು, ಉಳಿದದ್ದನ್ನು ಬಾಯಿಗಿಟ್ಟಿತು. ಥೂ ಎಂದು ಹೊರಹಾಕಿತು.

"ಉಗುಳ್ತು ನೋಡು!" ಅತ್ತೆ ಗೆದ್ದವಳಂತೆ ಕೂಗಿದಳು.

"ಉಗುಳೋಕೂ ಬಾಯಿ ತೆರೀಬೇಕಲ್ಲ ಅತ್ತೆ."

ಅಷ್ಟರಲ್ಲಿ ಕೂಸು ಎರಡನೆಯ ಹೋಳನ್ನು ಹಿಡಿದಿತ್ತು. ಈ ಸಲ ಹೊರಬರಲಿಲ್ಲ. ಗಂಡ ಸದ್ದಿಲ್ಲದೆ ಎದ್ದು ಸೌಟು ಹಿಡಿದ.

ಒಳಲೆ ಮತ್ತೆ ಅಟ್ಟ ಸೇರಲಿಲ್ಲ. ಬೀಗದಬಾಯಿ ಅದರಿಂದಲೇ ನೆಲ ಕುಟ್ಟಿ ಊಟಕ್ಕೆ ಕರೆಯುತ್ತಿತ್ತಂತೆ.

"ಅತ್ತೆ ಬಯ್ಲಿಲ್ವಾ?" ಎಂದು ಮೂಟೆಯ ಮೇಲಿದ್ದ ಒಬ್ಬಳು ಕೇಳಿದಳು.

"ಬಯ್ದಿರ್ತಾಳೆ. ಸೊಸೆ ಬಾಯಲ್ಲಿ ತುತ್ತಿತ್ತು, ಉತ್ತರ ಕೊಡೋಕೆ ಪುರಸೊತ್ತಿರಲಿಲ್ಲ."

ಕರೆಂಟು ಬರಲೇ ಇಲ್ಲ. ಮೇಲ್ವಿಚಾರಕ ಬಂದು, ಇನ್ನು ಮನೆಗೆ ನಡೆಯಿರಿ ಎಂದ. ಹೆಂಗಸರು ಸೀರೆಗಂಟಿದ ಹತ್ತಿ ಕೊಡವುತ್ತ ಎದ್ದರು. "ಬೇಗ ನಡೀರೇ," ಎಂದಳು ಎಲ್ಲರಿಗಿಂತ ಕಿರಿಯ ತಾಯಿ, ಬಾಗಿಲು ದಾಟುತ್ತ. "ಇವತ್ತು ಮೊದಲನೇ ತಟ್ಟೆ ನಂದು."