ಊರಿಗೊಂದೇ ಕೋಟು

ನಮ್ಮ ಅಜ್ಜನ ಫೋಟೋ ನಡುಮನೆಯ ಗೋಡೆಯ ಮೇಲಿದೆ ಎಂದು ಜನ ಹೇಳುತ್ತಿದ್ದರು. ತಪ್ಪು. ಆ ಫೋಟೋ ಅಲ್ಲಿದ್ದದ್ದರಿಂದ ಗೋಡೆ ನಿಂತಿತ್ತು. ಅದನ್ನು ಕೆಳಗಿಳಿಸಿದ ದಿನ ನಮ್ಮ ಮನೆಯಷ್ಟೇ ಅಲ್ಲ, ಇಡೀ ಬೀದಿ ಕುಸಿಯುತ್ತದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಫೋಟೋದಲ್ಲಿ ಅಜ್ಜನವರು ಕೆತ್ತನೆಯ ಕುರ್ಚಿಯಲ್ಲಿ ಕೂತಿದ್ದಾರೆ. ಮೈಮೇಲೆ ಕಪ್ಪು ಕೋಟು. ಕಾಲರಿನ ಅಂಚಿಗೂ ತೋಳಿನ ಸುತ್ತಕ್ಕೂ ಬೆಳ್ಳಿ ಎಳೆಯ ಕಸೂತಿ. ಬಲಗೈಯ ನಡುಬೆರಳಲ್ಲಿ ಅಗಲವಾದ ಉಂಗುರ. ಕತ್ತಲಲ್ಲಿ ದೀಪ ಹಚ್ಚದೆ ಅದರ ಬೆಳಕಿನಲ್ಲೇ ಪತ್ರಿಕೆ ಓದಬಹುದಿತ್ತು. ನನ್ನ ಅಪ್ಪ ಮಾತು ಕಡಿಮೆಯ ಮನುಷ್ಯ, ಮನೆತನದ ಮಾತೆಲ್ಲ ಅವನನ್ನು ದಾಟಿಕೊಂಡು ನನಗೇ ಬಂತು. "ಇವರು ನಿಮ್ಮಜ್ಜ" ಅಂದದ್ದು ಬಿಟ್ಟರೆ ಆತ ಬೇರೇನೂ ಹೇಳಲಿಲ್ಲ. ಮಿಕ್ಕಿದ್ದನ್ನು ನಾನೇ ಫೋಟೋ ನೋಡಿ ತಿಳಿದುಕೊಂಡೆ. ಅಂಥ ಕೋಟು ತೊಟ್ಟವರು ನ್ಯಾಯಾಧೀಶರಲ್ಲದೆ ಇನ್ನೇನು? ಅಂಥ ಉಂಗುರವನ್ನು ಯಾವನಾದರೂ ರಾಜನಲ್ಲದೆ ಇನ್ಯಾರು ಕೊಟ್ಟಾರು? ಇದನ್ನು ಸುಳ್ಳು ಅನ್ನುವವರು ಒಮ್ಮೆ ಆ ಫೋಟೋದ ಮುಂದೆ ನಿಂತು ನೋಡಬೇಕಿತ್ತು. ಅಪರಾಧ ಮಾಡದವನೂ ಒಪ್ಪಿಕೊಂಡುಬಿಡುವಂಥ ನೋಟ ಅದು.

ನನ್ನದು ಛತ್ರಿ ರಿಪೇರಿ ಅಂಗಡಿ. ನಾನು ಕಡ್ಡಿ ಕಟ್ಟಿಕೊಟ್ಟ ಛತ್ರಿ ಬಿಚ್ಚಿದರೆ ಮಳೆಯೇ ನಾಚಿಕೊಂಡು ಪಕ್ಕದ ಬೀದಿಗೆ ಹೋಗುತ್ತದೆ. ಆದರೂ ಮಗಳ ಮದುವೆಯ ಮಾತುಕತೆಗೆ ಬೀಗರು ಮೊದಲ ಸಲ ಮನೆಗೆ ಬಂದಾಗ ನಾನು ಛತ್ರಿಯ ವಿಷಯ ಎತ್ತಲಿಲ್ಲ. ನೇರವಾಗಿ ಅವರನ್ನು ಫೋಟೋದ ಕೆಳಗೆ ಕೂರಿಸಿದೆ. ಕಾರಣವಿತ್ತು. ಬೀಗರದ್ದು ಮರದ ಡಿಪೋ. ತೊಲೆಗಿಂತ ಅವರ ಮಾತೇ ಭಾರ. "ನಮ್ಮಜ್ಜನಿಗೆ ಈ ಹೊಳೆ ತುಂಬಾ ದೋಣಿ ಇತ್ತು, ನೀರು ಕಾಣ್ತಾನೇ ಇರಲಿಲ್ಲ" ಅಂದರು. ನಾನು ಸುಮ್ಮನೆ ಬೆರಳೆತ್ತಿ ನ್ಯಾಯಾಧೀಶರನ್ನು ತೋರಿಸಿದೆ. ದೋಣಿಗಳೆಲ್ಲ ಅಲ್ಲೇ ಮುಳುಗಿದವು. ಮದುವೆಯಾಯಿತು. ಅಂದಿನಿಂದ ಬೀಗರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಈ ಭೂಮಿಯ ಮೇಲೆ ನನ್ನನ್ನು ಕಂಡು ಎದ್ದು ನಿಲ್ಲುತ್ತಿದ್ದ ಪ್ರಾಣಿ ಅದೊಂದೇ. ನನ್ನ ಹೆಂಡತಿ ಮಾತ್ರ, "ಎಷ್ಟು ದಿನ ಓಡುತ್ತೋ ನೋಡೋಣ ನಿಮ್ಮ ರೈಲು" ಅನ್ನುತ್ತಿದ್ದಳು.

ಆಗ ಗ್ರಂಥಾಲಯದಮ್ಮನ ಪ್ರಕಟಣೆ ಬಂತು. ಊರಿನ ಗ್ರಂಥಾಲಯ ನೋಡಿಕೊಳ್ಳುವ ಈಕೆ ಊರಿನ ಚರಿತ್ರೆ ಬರೆಯುತ್ತಿದ್ದಳು. ಎಲ್ಲರೂ ತಮ್ಮ ಹಿರಿಯರ ಹಳೆಯ ಫೋಟೋ ತನ್ನಿ, ಸಭಾಂಗಣದಲ್ಲಿ ತೂಗುಹಾಕುತ್ತೇವೆ ಎಂದು ಬಾಗಿಲಿಗೆ ಅಂಟಿಸಿದ್ದಳು. ಆ ಸಭಾಂಗಣದಲ್ಲಿ ಬಾಗಿಲು ತೆರೆದ ತಕ್ಷಣ ಕಣ್ಣಿಗೆ ಬೀಳುವ ಒಂದು ಗೋಡೆಯಿದೆ. ಅದನ್ನು ಕಟ್ಟಿದವರು ನಮ್ಮ ಅಜ್ಜನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದು. ಫೋಟೋ ಒರೆಸಿ, ಹೆಂಡತಿಯನ್ನು ಕರೆದುಕೊಂಡು, ಬೀಗರಿಗೂ ಹೇಳಿಕಳಿಸಿ ಹೊರಟೆ.

ಸಭಾಂಗಣಕ್ಕೆ ಕಾಲಿಟ್ಟವನೇ ನಿಂತುಬಿಟ್ಟೆ. ಉದ್ದನೆಯ ಮೇಜುಗಳ ಮೇಲೆ ಊರಿನ ಹಿರಿಯರೆಲ್ಲ ಗೋಡೆಗೆ ಒರಗಿ ಕೂತಿದ್ದರು. ಎಲ್ಲರೂ ಅದೇ ಕೆತ್ತನೆಯ ಕುರ್ಚಿಯಲ್ಲಿ. ಎಲ್ಲರ ಮೈಮೇಲೂ ಅದೇ ಕಪ್ಪು ಕೋಟು.

"ನಮ್ಮಜ್ಜನ ಕೋಟು ಇವರಿಗೆಲ್ಲ ಯಾರು ಕೊಟ್ಟರು?" ಎಂದು ನಾನು ಕೂಗಿದೆ.

"ನಿಮ್ಮಜ್ಜಂದಾ? ನೋಡ್ರೀ, ಇದು ನಮ್ಮಜ್ಜಂದು!" ಎಂದ ಬೇಕರಿಯವನು. "ಅವರು ಈ ಊರಿಗೇ ದೊಡ್ಡ ಡಾಕ್ಟ್ರು."

"ಡಾಕ್ಟ್ರಿಗೆ ಉಗುರಲ್ಲಿ ಹಿಟ್ಟು ಯಾಕೆ ಮೆತ್ಕೊಂಡಿದೆಯಪ್ಪಾ?" ಎಂದೆ ನಾನು.

"ಅದು ಔಷಧಿ!"

ಅಷ್ಟರಲ್ಲಿ ಬೀಗರೂ ಬೀಗಿತ್ತಿಯೂ ಬಂದರು. ಬೀಗರ ಕಂಕುಳಲ್ಲೂ ಒಂದು ಫೋಟೋ. ಅದರಲ್ಲೂ ಅದೇ ಕೋಟು. ತೋಳು ಮಾತ್ರ ಮೊಣಕೈ ದಾಟಿ ನಾಲ್ಕು ಬೆರಳು ಹೋಗಿ ಸುಸ್ತಾಗಿ ನಿಂತಿತ್ತು. ಬೀಗರು ಮೇಜುಗಳ ಕಡೆ ನೋಡಿದರು, ನನ್ನ ಫೋಟೋ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಬರುತ್ತಿರುವಾಗಲೂ ಅವರು ಎದ್ದು ನಿಲ್ಲದೆ ಕೂತೇ ಇರುವ ದಿನಗಳು ನನ್ನ ಕಣ್ಣ ಮುಂದೆ ಸಾಲುಗಟ್ಟಿದವು.

"ಎಲ್ಲರೂ ಸ್ವಲ್ಪ ಸುಮ್ನಿರ್ತೀರಾ?" ಎಂದಳು ಗ್ರಂಥಾಲಯದಮ್ಮ. "ಆಗಿನ ಕಾಲದಲ್ಲಿ ಫೋಟೋ ಸ್ಟುಡಿಯೋದವರು ಒಂದು ಕೋಟು ಇಟ್ಕೊಂಡಿರ್ತಿದ್ರು. ಬಂದವರಿಗೆಲ್ಲ ಅದನ್ನೇ ತೊಡಿಸಿ ಕೂರಿಸ್ತಿದ್ರು. ಅಷ್ಟೇ ವಿಷಯ. ಈ ಊರಲ್ಲಿ ಎಲ್ಲರೂ ಇಷ್ಟು ಬಡವರಾಗಿದ್ರೂ ಫೋಟೋದಲ್ಲಿ ಮಾತ್ರ ಯಾಕೆ ಜಮೀನ್ದಾರರ ಥರ ಕಾಣ್ತಾರೆ ಅಂತ ನನಗೂ ತಲೆ ಕೆಟ್ಟಿತ್ತು."

"ಒಪ್ಪಿದೆ. ಆದ್ರೆ ಸ್ಟುಡಿಯೋಗೆ ಆ ಕೋಟು ಆಕಾಶದಿಂದ ಬೀಳ್ತಾ?" ಎಂದೆ. "ಯಾರೋ ದೊಡ್ಡವರು ತಮ್ಮ ಕೋಟು ಕೊಟ್ಟಿರಬೇಕು ತಾನೇ? ಯಾರ ಮೈಮೇಲೆ ಅದು ಎಲ್ಲಕ್ಕಿಂತ ಹೊಸದಾಗಿದೆಯೋ ಅವರದ್ದೇ ಕೋಟು. ಜೋಡಿಸಿ ನೋಡೋಣ!"

ಇಂಥ ಯೋಚನೆ ಹೊಳೆಯಬೇಕಾದರೆ ರಕ್ತದಲ್ಲಿ ನ್ಯಾಯಾಧೀಶಿಕೆ ಇರಬೇಕು. ಗ್ರಂಥಾಲಯದಮ್ಮ ನನ್ನನ್ನೇ ಎವೆಯಿಕ್ಕದೆ ನೋಡಿದಳು. "ಒಂದು ಫೋಟೋದ ಹಿಂದೆಯೂ ಇಸವಿ ಬರೆದಿಲ್ಲ ಅಂತ ಅಳ್ತಾ ಕೂತಿದ್ದೆ ನಾನು. ಕೋಟು ಹಳೇದಾದ ಹಾಗೆ ಜೋಡಿಸಿದ್ರೆ ಯಾರ ನಂತರ ಯಾರು ಅಂತ ಗೊತ್ತಾಗುತ್ತಲ್ರೀ!"

ಎಲ್ಲರೂ ಜಗಳ ಮರೆತು ಮೇಜಿಗೆ ಮುಗಿಬಿದ್ದೆವು. ಗುಂಡಿಯೆಲ್ಲ ಇರುವವು ಈ ಕಡೆ, ಮೇಲಿನ ಗುಂಡಿ ಉದುರಿದವು ಆ ಕಡೆ, ಮೊಣಕೈಗೆ ತೇಪೆ ಬಿದ್ದವು ಅದರಾಚೆ, ಕಾಲರು ಸವೆದು ಬೆಕ್ಕು ಪರಚಿದಂತಾದವು ಕೊನೆಗೆ. ಜೋಡಿಸುತ್ತ ಹೋದಂತೆ ನಾನು ಕೋಟು ನೋಡುವುದನ್ನು ಬಿಟ್ಟು ಕೋಟಿನಿಂದ ಹೊರಬಂದ ಕೈಗಳನ್ನು ನೋಡತೊಡಗಿದೆ. ಕೋಟು ಒಂದೇ, ಕೈ ಮಾತ್ರ ಅವರವರದ್ದು. ಮೊದಮೊದಲು ಹಗ್ಗ ಉಜ್ಜಿ ಅಂಗೈ ಗಟ್ಟಿಯಾದ ದೋಣಿಯವರು. ಗುಂಡಿ ಉದುರಿದ ಮೇಲೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡವರು, ಒಬ್ಬರ ಹಿಂದೊಬ್ಬರು.

"ಸೇತುವೆಗೆ ಕಲ್ಲು ಕೆತ್ತಿದವರು," ಎಂದಳು ಗ್ರಂಥಾಲಯದಮ್ಮ. "ನೋಡಿ, ಇಲ್ಲಿಂದ ಮುಂದೆ ಒಬ್ಬ ದೋಣಿಯವನೂ ಇಲ್ಲ."

ತೇಪೆ ಬಿದ್ದ ಮೇಲೆ ಇನ್ನೊಂದು ವಿಚಿತ್ರ. ಕೋಟು ತೊಟ್ಟವರೆಲ್ಲ ಹೆಂಗಸರು. ಅರಿವೆಗೆ ಬಣ್ಣ ಹಾಕಿ ಹಾಕಿ ಉಗುರು ಕಪ್ಪಾದವರು. ಭುಜ ಸೆಟೆಸಿ, ಯಾರನ್ನೋ ಗದರಿಸುವ ಹಾಗೆ ಕೂತಿದ್ದರು.

"ಆ ವರ್ಷಗಳಲ್ಲಿ ಗಂಡಸರೆಲ್ಲ ದೂರದ ಗಣಿಗೆ ಹೋಗಿಬಿಟ್ರು ಅಂತ ಓದಿದ್ದೆ," ಗ್ರಂಥಾಲಯದಮ್ಮನ ದನಿ ತಗ್ಗಿತು. "ಊರು ನಡೆಸಿದ್ದು ಯಾರು ಅಂತ ಎಲ್ಲೂ ಬರೆದಿರಲಿಲ್ಲ."

ನನ್ನ ಹೆಂಡತಿ ಆ ಫೋಟೋಗಳ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಆ ಕುರ್ಚಿಯಲ್ಲಿ ಕೂತವರದ್ದೇ.

ಇನ್ನು ಮೊದಲ ಸ್ಥಾನದ ಪ್ರಶ್ನೆ. ಬೀಗರ ಅಜ್ಜನ ಕೋಟು ಹೊಸದೇ. ಆದರೆ ನಮ್ಮ ಅಜ್ಜನವರದ್ದು? ಇಸ್ತ್ರಿಯ ಬಿಸಿ ಆರಿರಲಿಲ್ಲ! ಒಂದು ಸುಕ್ಕಿಲ್ಲ, ಮೇಲಾಗಿ ಬೇರೆ ಯಾರ ಕೋಟಿನಲ್ಲೂ ಇಲ್ಲದ ಬೆಳ್ಳಿ ಕಸೂತಿ. "ಕೋಟಿನ ಒಡೆಯರು ಇವರೇ!" ಎಂದು ನಾನು ಘೋಷಿಸಿದ ಸದ್ದಿಗೆ ಹೊಳೆಯ ಮೀನುಗಳು ದಡಕ್ಕೆ ಹಾರಿರಬೇಕು. ಬೀಗರ ತಲೆ ತಗ್ಗಿತು. ಜೋಡಿಸಿ ಸುಸ್ತಾಗಿ ಕೂತಿದ್ದ ಅವರು ಕುರ್ಚಿಯಿಂದ ಅರ್ಧ ಏಳುವುದನ್ನೂ ನಾನು ಕಣ್ಣಾರೆ ಕಂಡೆ.

ಅರ್ಧ ಎದ್ದವರನ್ನು ಬೀಗಿತ್ತಿ ಕೈ ಹಿಡಿದು ಕೂರಿಸಿದರು. ಈ ಬೀಗಿತ್ತಿ ಹೊಲಿಗೆ ತರಗತಿ ನಡೆಸುವವರು. ಊರಿನ ಅರ್ಧ ಹೆಣ್ಣುಮಕ್ಕಳು ಅವರ ಕೈಯಲ್ಲಿ ಬೈಸಿಕೊಂಡೇ ಸೂಜಿ ಹಿಡಿಯಲು ಕಲಿತದ್ದು. ಗ್ರಂಥಾಲಯದಮ್ಮನ ಭೂತಗನ್ನಡಿ ಎತ್ತಿಕೊಂಡು ನಮ್ಮ ಅಜ್ಜನವರ ಮೇಲೆ ಬಾಗಿದರು.

"ಬೀಗರೇ, ಕೋಟು ತುಂಬಾ ಹೊಸದು."

"ನಾನು ಹೇಳಲಿಲ್ವಾ!"

"ಎಷ್ಟು ಹೊಸದು ಅಂದ್ರೆ, ಇನ್ನೂ ಹೊಲಿದೇ ಮುಗಿದಿಲ್ಲ."

"ಅಂದ್ರೆ?"

"ನೀವು ಬೆಳ್ಳಿ ಕಸೂತಿ ಅಂತ ಊರೆಲ್ಲ ಸಾರಿದಿರಲ್ಲ, ಅದು ಕಚ್ಚಾ ಹೊಲಿಗೆ. ತೋಳು ಕೂತ್ಕೊಳ್ಳುತ್ತಾ ಅಂತ ನೋಡೋಕೆ ಬಿಳಿ ದಾರದಲ್ಲಿ ಹಾಕ್ತೀವಿ. ಪಕ್ಕಾ ಹೊಲಿದ ಮೇಲೆ ಕಿತ್ತು ಹಾಕ್ತೀವಿ."

"ಹಾಗಾದ್ರೆ ರಾಜ ಕೊಟ್ಟ ಉಂಗುರ?"

ಬೀಗಿತ್ತಿ ತಮ್ಮ ಕೈಚೀಲಕ್ಕೆ ಕೈ ಹಾಕಿ ತುದಿ ತೆರೆದ ಒಂದು ಅಂಗುಸ್ತಾನ ತೆಗೆದು, ಸೂಜಿ ಚುಚ್ಚದಂತೆ ದರ್ಜಿಗಳು ತೊಡುವ ಹಾಗೆ ಬಲಗೈಯ ನಡುಬೆರಳಿಗೆ ಏರಿಸಿ, ಆ ಕೈಯನ್ನು ಫೋಟೋದ ಪಕ್ಕ ಇಟ್ಟರು. ಎರಡೂ ಒಂದೇ ಥರ ಹೊಳೆದವು.

ಕೋಟು ಹೊಸದಾದವನೇ ಒಡೆಯ ಎಂದು ಪಟ್ಟು ಹಿಡಿದವನು ನಾನೇ. ಹಗ್ಗ ನಾನೇ ಹೊಸೆದಿದ್ದೆ, ಗಂಟೂ ನಾನೇ ಹಾಕಿದ್ದೆ. ಕತ್ತು ಮಾತ್ರ ನ್ಯಾಯಾಧೀಶರದ್ದು.

ನಾನು ಫೋಟೋ ಎತ್ತಿಕೊಂಡೆ. ಆ ತುಟಿಯಂಚನ್ನು ಇಷ್ಟು ವರ್ಷ ಗಾಂಭೀರ್ಯ ಅಂದುಕೊಂಡಿದ್ದೆ. ಈಗ ನೋಡಿದರೆ ನಗು ತಡೆದುಕೊಂಡ ತುಟಿ. ಗಿರಾಕಿ ಬರುವ ಮೊದಲು ಅವನ ಕೋಟನ್ನು ತಾನೇ ಒಮ್ಮೆ ತೊಟ್ಟು, ಬೆರಳಿನ ಅಂಗುಸ್ತಾನ ತೆಗೆಯುವುದನ್ನೂ ಮರೆತು, ಪಕ್ಕದ ಸ್ಟುಡಿಯೋಗೆ ಓಡಿದವನ ಮುಖ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಬೇರೆಯವರ ಛತ್ರಿ ರಿಪೇರಿ ಮಾಡಿ, ಮಳೆಯಿಲ್ಲದ ಹೊತ್ತಲ್ಲಿ ಅಂಗಡಿಯೊಳಗೇ ಬಿಚ್ಚಿ ಹಿಡಿದು ನಿಲ್ಲುತ್ತೇನಲ್ಲ, ಆಗ ಎದುರಿನ ಕನ್ನಡಿಯಲ್ಲಿ ಕಾಣುವುದು ಅದೇ. ನ್ಯಾಯಾಧೀಶರ ಜೊತೆ ನಾನು ಎಂದೂ ಮಾತಾಡಿರಲಿಲ್ಲ, ಹೆದರಿಕೆ. ಈ ಅಜ್ಜನ ಜೊತೆ ಕೂತು ಚಹಾ ಕುಡಿಯಬಹುದಿತ್ತು.

"ನ್ಯಾಯಾಧೀಶರು ಎಲ್ಲಿ ಹೋದ್ರು ಬೀಗರೇ?" ಎಂದರು ಬೀಗರು, ಮೀಸೆಯಡಿಯಲ್ಲಿ ನಗುತ್ತ.

"ರಾಜೀನಾಮೆ ಕೊಟ್ರು," ಎಂದೆ. "ಅವರ ಕೈಲಿ ಏನಾಗ್ತಿತ್ತು? ಯಾರಿಗಾದ್ರೂ ಒಂದು ಕೋಟು ತೊಡಿಸೋಕೆ ಆಗ್ತಿತ್ತಾ? ನಮ್ಮಜ್ಜ ಇಡೀ ಊರಿಗೆ ತೊಡಿಸಿದ. ದೋಣಿಯವನಿಗೆ, ಕಲ್ಲಿನವನಿಗೆ, ಈ ತಾಯಂದಿರಿಗೆ. ನಿಮ್ಮಜ್ಜನಿಗೂ!"

"ತೊಡಿಸಿದ್ದೇನೋ ಸರಿ. ತೋಳು ಯಾಕೆ ಇಷ್ಟು ಗಿಡ್ಡ ಹೊಲಿದ ನಿಮ್ಮಜ್ಜ?"

"ತೋಳು ಸರಿಯಾಗೇ ಇದೆ. ಹುಟ್ಟು ಹಾಕೀ ಹಾಕೀ ನಿಮ್ಮಜ್ಜನ ಕೈ ಉದ್ದ ಆಗಿತ್ತು!"

ಬೀಗರು ಬಾಯಿ ತೆರೆದರು. ಹೊಳೆ ತುಂಬಿದ ದೋಣಿಗಳೆಲ್ಲ ಹೊರಡಲು ಸಿದ್ಧವಾಗಿದ್ದವು. ಬೀಗಿತ್ತಿ ಭೂತಗನ್ನಡಿಯನ್ನು ಗಂಡನ ಅಜ್ಜನ ಅಂಗೈಯ ಕಡೆ ತಿರುಗಿಸಿದರು. ಬೀಗರು ಬಾಯಿ ಮುಚ್ಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅವರು ಪಕ್ಕದ ಕುರ್ಚಿ ಎಳೆದು, "ಕೂತ್ಕೊಳ್ಳಿ ಬೀಗರೇ" ಅಂದರು. ಎದ್ದು ನಿಲ್ಲಲಿಲ್ಲ. ನಾನು ಕೂತೆ.

ಎದುರು ಗೋಡೆ ಅಜ್ಜನಿಗೇ ಸಿಕ್ಕಿತು. ಸಾಲು ಅಲ್ಲಿಂದಲೇ ಶುರು. ಕೆಳಗೆ "ದರ್ಜಿ" ಎಂದು ಬರೆದಿದೆ. ಪಕ್ಕದಲ್ಲಿ "ದೋಣಿ ನಡೆಸಿದವನು", ಆಮೇಲೆ ಮಿಕ್ಕವರು. ನಮ್ಮ ಅಕ್ಷರ ಬೇರೆಯವರದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ ಇರಲಿ ಎಂದು ನಾನು ಕೇಳಿದ್ದೆ. ಗ್ರಂಥಾಲಯದಮ್ಮ ಒಪ್ಪಲಿಲ್ಲ. ಆದರೂ ಸರಿಯಾಗಿ ನೋಡಿದರೆ ದಪ್ಪಗೇ ಇದೆ.

ಆ ಕೋಟನ್ನು ಯಾರಿಗಾಗಿ ಹೊಲಿದದ್ದು, ಅವನು ಯಾಕೆ ಒಯ್ಯಲಿಲ್ಲ, ಅದು ಹೇಗೆ ಸ್ಟುಡಿಯೋ ಸೇರಿತು, ಯಾರಿಗೂ ಗೊತ್ತಿಲ್ಲ. ಮೊದಲ ದಿನ ನೋಡಲು ಬಂದವರಿಗೆ ಬೆಳಿಗ್ಗೆ ನಾನು ಒಬ್ಬ ದೊಡ್ಡ ಅಧಿಕಾರಿಯ ಕೋಟು ಎಂದು ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅದು ಸೇನಾಪತಿಯದ್ದಾಯಿತು. "ಸಂಜೆ ಒಳಗೆ ಚಕ್ರವರ್ತಿ ಬರ್ತಾನೆ, ಚಹಾಕ್ಕೆ ಇಟ್ಟಿರ್ತೀನಿ" ಎಂದು ಹೆಂಡತಿ ಮನೆಗೆ ಹೋದಳು.

ನಮ್ಮ ನಡುಮನೆಯಲ್ಲಿ ಈಗ ಬರೀ ಮೊಳೆ ಇದೆ. ಗೋಡೆ ಬಿದ್ದಿಲ್ಲ. ಗ್ರಂಥಾಲಯ ಇವತ್ತಿಗೂ ಯಾರಿಂದ ನಿಂತಿದೆ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.