ಅರ್ಧ ಸುದ್ದಿ

ಹೆಂಡತಿಯ ಹೆಣದ ಪಕ್ಕ ಕೂತಿದ್ದ ಕಂಡಕ್ಟರರನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ ಬೇಕರಿಯವನು, ಅಳು ನಿಲ್ಲಿಸದೆಯೇ ಅವರ ಕಿವಿಗೆ ಬಾಯಿಟ್ಟು ಕೇಳಿದ:

"ಅಣ್ಣಾ, ಬೋರ್ಡಲ್ಲಿ ಬರೆದಿರೋದು ನನ್ನ ಬಗ್ಗೆ ಅಲ್ಲ ತಾನೆ?"

"ಇದು ಈಗ ಕೇಳೋ ಮಾತೇನಯ್ಯಾ?"

"ಬ್ರೆಡ್ಡಿನ ತೂಕ ಒಂಚೂರು ಹಿಂದೆ ಮುಂದೆ ಆಗತ್ತೆ ಅಷ್ಟೆ. ಅದಕ್ಕೆ ಕಳ್ಳತನ ಅಂತಾರಾ, ನೀವೇ ಹೇಳಿ!"

ಅವನನ್ನು ಸಾಗಹಾಕುವಷ್ಟರಲ್ಲಿ ಎದುರುಮನೆಯಾಕೆ ಬಂದಳು. ಸೆರಗಿನಲ್ಲಿ ಮೂಗೊರೆಸಿಕೊಂಡು, ಮಹಡಿಯವರ ಪೇಪರನ್ನು ದಿನಾ ಬೆಳಿಗ್ಗೆ ತಾನು ಮೊದಲು ಓದಿ, ಮಡಿಕೆ ಕೆಡದಂತೆ ವಾಪಸ್ ಇಡುವುದಾಗಿ ಒಪ್ಪಿಕೊಂಡಳು. "ಓದಿದ್ರೆ ಪೇಪರ್ ಸವೆಯತ್ತಾ? ಅಷ್ಟಕ್ಕೇ ಅಕ್ಕ ಬೋರ್ಡಿಗೆ ಏರಿಸಿಬಿಟ್ರಾ?"

ಕಂಡಕ್ಟರ್ ಬೆಪ್ಪಾದರು. ಬಾಗಿಲಾಚೆ ನೋಡಿದರೆ ಬೀದಿಗೆ ಬೀದಿಯೇ ನೆರೆದಿತ್ತು. ಶಾಲೆಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸಿನ ಸಾವಿಗೆ ಇಷ್ಟು ಜನ ಎಲ್ಲಿಂದ ಉದುರಿದರು? ಎಲ್ಲ ಆ ಬೋರ್ಡಿನ ಮಹಿಮೆ. ಆಕೆ ಒಂದು ಪುಟ್ಟ ಸೇವಾ ಸಂಘದ ಪ್ರಚಾರ ಕಾರ್ಯದರ್ಶಿ. ಕಾಲು ಮುರಿದವರಿಗೆ, ಹಾಸಿಗೆ ಹಿಡಿದವರಿಗೆ ಗಾಲಿಕುರ್ಚಿ, ಊರುಗೋಲುಗಳನ್ನು ಪುಕ್ಕಟೆ ಎರವಲು ಕೊಡುವ ಸಂಘ ಅದು. ಪ್ರಚಾರಕ್ಕೆಂದು ಅದರ ಬಳಿ ಬಿಡಿಗಾಸೂ ಇರಲಿಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿದ್ದ ಸಂಘದ ಕೋಣೆಯ ಬಾಗಿಲಿಗೆ ಆಕೆ ಒಂದು ಕರಿಹಲಗೆ ತೂಗುಹಾಕಿ, ವಾರಕ್ಕೊಂದು ಪ್ರಶ್ನೆ ಬರೆಯುತ್ತಿದ್ದಳು. ಉತ್ತರ ಭಾನುವಾರ ಸಂಜೆ ಕೋಣೆಯೊಳಗೆ. ಹಾಗಾಗಿ ಬೀದಿಗೆಲ್ಲ ಆಕೆ ಬೋರ್ಡಮ್ಮ.

ಇಷ್ಟು ದಿನ ಪ್ರಶ್ನೆಗಳು ಸಪ್ಪೆ, ಬರುವವರೂ ಬೆರಳೆಣಿಕೆಯಷ್ಟು. ಆದರೆ ಈ ಗುರುವಾರ ಬರೆದದ್ದು ಹೀಗಿತ್ತು: "ಈ ಬೀದಿಯಲ್ಲಿ ಒಬ್ಬರು ವರ್ಷಗಳಿಂದ ಕದಿಯುತ್ತಿದ್ದಾರೆ. ಯಾರು? ಏನನ್ನು?" ಬರೆದ ಮಾರನೆಯ ದಿನ ಬೋರ್ಡಮ್ಮನ ಎದೆಬಡಿತ ನಿಂತಿತು. ಉತ್ತರ ಆಕೆಯ ಜೊತೆಗೇ ಹೊರಟಿತೆಂದು ಬೀದಿ ತಳಮಳಿಸುತ್ತಿತ್ತು.

"ಇವರೆಲ್ಲ ನನ್ನವಳಿಗೋಸ್ಕರ ಬಂದಿದಾರಾ, ಬೋರ್ಡಿಗೋಸ್ಕರಾ?" ಕಂಡಕ್ಟರ್ ದರ್ಜಿಯನ್ನು ಕೇಳಿದರು. ದರ್ಜಿಯೇ ಸಂಘದ ಅಧ್ಯಕ್ಷ. ಬೆಳಗಿನಿಂದ ಅತ್ತು ಅತ್ತು ಅವನ ಮುಖ ಊದಿತ್ತು, ಆದರೆ ಜನ ಕಂಡಾಗಲೆಲ್ಲ ಕಣ್ಣು ಮಿಂಚುತ್ತಿದ್ದವು. ಅದಕ್ಕೆ ಅವನಿಗೇ ನಾಚಿಕೆಯಾಗುತ್ತಿತ್ತು.

"ಬೈಬೇಡಿ, ಒಂದ್ಮಾತು ಕೇಳ್ತೀನಿ. ಸಂಜೆ ಕಟ್ಟಡದ ಮಾಲೀಕ ಕೀಲಿ ಕೇಳೋಕೆ ಬರ್ತಾನೆ. ಮೂರು ಮತ್ತೊಂದು ಜನರ ಸಂಘಕ್ಕೆ ರೂಮ್ ಯಾಕೆ, ಒಂದ್ಸಲ ರೂಮ್ ತುಂಬ ಜನ ತೋರ್ಸಿ, ನಿಮಗೇ ಬಿಟ್ಟುಕೊಡ್ತೀನಿ ಅಂದಿದ್ದ. ಇವತ್ತು ಭಾನುವಾರ, ತುಂಬತ್ತೆ! ಆದ್ರೆ ಉತ್ತರ ಹೇಳೋರು ಬೇಕಲ್ಲ? ಹೇಳದೇ ಕಳಿಸಿದ್ರೆ ಇವರು ಇನ್ನು ಈ ಕಡೆ ತಲೆ ಹಾಕಲ್ಲ, ಕುರ್ಚಿಗಳೆಲ್ಲ ಬೀದಿಪಾಲು. ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ," ಎಂದರು ಕಂಡಕ್ಟರ್. ಇಡೀ ಜೀವಮಾನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ತಕ್ಷಣ ಬೇರೆ ಕಡೆ ತಿರುಗಿ ಕೂತರು.

*

ಗುರುವಾರ ಬೆಳಿಗ್ಗೆ ಆಕೆ ಬೋರ್ಡು ಬರೆಯುವಾಗ ಸ್ಟೂಲು ಹಿಡಿದು ನಿಂತಿದ್ದವರು ಅವರೇ.

"ಏನೇ ಇದು? ನಿನ್ನ ಮಾನ ನೀನೇ ಹರಾಜಿಗೆ ಹಾಕ್ತೀಯಾ?"

"ಜಾಹೀರಾತು ಕೊಡೋಕೆ ದುಡ್ಡೆಲ್ಲಿದೆ? ಮಾನ ಆದ್ರೆ ಪುಕ್ಕಟೆ ಸಿಗತ್ತೆ," ಆಕೆ ಸ್ಟೂಲಿನ ಮೇಲಿಂದಲೇ ನಕ್ಕಳು. "ಪೂರ್ತಿ ಸುದ್ದಿ ಬರೆದ್ರೆ ಜನ ಓದಿ ಬಸ್ ಹತ್ತಿ ಹೋಗ್ತಾರೆ. ಅರ್ಧ ಬರೀಬೇಕು, ಇನ್ನರ್ಧಕ್ಕೆ ತಾವೇ ಬರ್ತಾರೆ."

"ಬಂದ ಮೇಲೆ?"

"ಎದ್ದು ನಿಂತು ಹೇಳ್ತೀನಿ. ಶಾಲೆಯಿಂದ ಚಾಕ್‌ಪೀಸ್ ಕದ್ದು ಈ ಬೋರ್ಡ್ ಬರೆಯೋಳು ನಾನೇ ಅಂತ. ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಾರೆ. ನಗೋರ ಕೈಗೆ ಕೆಲಸ ಕೊಡೋದು ಸುಲಭ ಕಣ್ರೀ."

ಟಿಕೆಟಿಲ್ಲದೆ ಸ್ವಂತ ಮಾವನನ್ನೂ ಬಸ್ಸಿನಿಂದ ಇಳಿಸಿದ್ದವರು ಕಂಡಕ್ಟರ್. ಆ ಚಾಕ್‌ಪೀಸುಗಳ ವಿಷಯಕ್ಕೆ ಮನೆಯಲ್ಲಿ ನಡೆದ ಜಗಳಗಳಿಗೆ ಲೆಕ್ಕವಿಲ್ಲ. ಆದರೂ ಅವರು ಸ್ಟೂಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

*

ಮಣ್ಣು ಮುಚ್ಚಿದ ಮೇಲೆ ಒಬ್ಬರೂ ಮನೆ ಕಡೆ ಹೋಗಲಿಲ್ಲ. ಗುಂಪು ಗುಸುಗುಸು ಎನ್ನುತ್ತ, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ, ಸೀದಾ ಸಂಘದ ಕೋಣೆಯತ್ತ ನಡೆಯಿತು. ಕಂಡಕ್ಟರರ ಕಾಲೂ ಅತ್ತಲೇ ಎಳೆದವು. ಅವಳಾಗಿದ್ದರೆ ನಕ್ಕು ನಗಿಸಿ ದಾಟುತ್ತಿದ್ದಳು. ಮಣ್ಣು ಇನ್ನೂ ಹಸಿಯಾಗಿರುವಾಗ ಕಟ್ಟಿಕೊಂಡವಳನ್ನು ಕಳ್ಳಿ ಎನ್ನುವ ನಾಲಗೆಯನ್ನು ಅವರು ಎಲ್ಲಿಂದ ತರಬೇಕು? ಸುಮ್ಮನಿದ್ದರೆ ಅವಳು ಕೊನೆಯದಾಗಿ ಕಟ್ಟಿದ ಆಟ ಅರ್ಧಕ್ಕೇ ನಿಲ್ಲುತ್ತದೆ.

ಕೋಣೆ ಆಗಲೇ ಗಿಜಿಗುಟ್ಟುತ್ತಿತ್ತು. ಇದ್ದ ಬೆಂಚುಗಳು ಸಾಲದೆ ಜನ ಗಾಲಿಕುರ್ಚಿಗಳಲ್ಲಿ ಕೂತಿದ್ದರು. ಬೇಕರಿಯವನು ಆತುರದಲ್ಲಿ ರೋಗಿಗಳ ಶೌಚದ ಕುರ್ಚಿಯನ್ನೇ ಏರಿದ್ದ, ಅವನಿಗದು ಗೊತ್ತಿದ್ದಂತಿರಲಿಲ್ಲ. ಶಾಲೆಯ ಹೆಡ್‌ಮಿಸ್ಸು ಮುಂದಿನ ಸಾಲಿನಲ್ಲಿದ್ದರು. ಅವರನ್ನು ಕಂಡು ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ಮುಂದೆ ಹೋಗಿ ನಿಂತರು.

"ಬೋರ್ಡಲ್ಲಿ ಬರೆದ ಕಳ್ಳರು ಯಾರು ಅಂತ ನಂಗೊತ್ತು."

ಬೇಕರಿಯವನು ಕಣ್ಣು ಮುಚ್ಚಿಕೊಂಡ.

"ನನ್ನ ಹೆಂಡತಿ. ಶಾಲೆಯಿಂದ ಚಾಕ್‌ಪೀಸ್ ತರ್ತಿದ್ಲು. ಬಿದ್ದಿರೋ ಮೋಟು ಅಂತಿದ್ಲು. ಮೋಟಲ್ಲ, ಇಡೀ ಪೀಸೇ. ಇವತ್ತು ಅವಳೇ ಹೇಳ್ಬೇಕಿತ್ತು..." ಹೆಡ್‌ಮಿಸ್ಸಿನ ಕಡೆ ತಿರುಗಿದರು. "ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ ಮೇಡಂ."

ಯಾರೂ ನಗಲಿಲ್ಲ. ಹೆಡ್‌ಮಿಸ್ಸು ಎದ್ದು ನಿಂತರು.

"ಕಂಡಕ್ಟರೇ, ಶಾಲೆಯಲ್ಲಿ ಇಡೀ ಚಾಕ್‌ಪೀಸು ಕಿಟಕಿ ಮೇಲೆ ತಾನಾಗೇ ಬಂದು ಕೂರತ್ತಾ? ದಿನಾ ಸಂಜೆ ಇಡ್ತಿದ್ದೋಳು ನಾನು. ನನ್ನ ಸ್ವಂತ ಡಬ್ಬದ್ದು! ಕೈಗೆ ಕೊಟ್ರೆ ಬೇಡ ಅಂದುಬಿಡೋಳು. ಇಸ್ಕೊಳ್ಳೋಕೆ ನಾಚಿಕೆ, ಕದಿಯೋಕೆ ಮಾತ್ರ ಇಲ್ಲ!"

ಮೊದಲು ನಕ್ಕವಳು ಎದುರುಮನೆಯಾಕೆ. ಆಮೇಲೆ ಕೋಣೆಯೇ ಹಾರಿಹೋಗುವ ಹಾಗೆ ನಗು. ಬೇಕರಿಯವನು ಬದುಕಿದೆಯಾ ಬಡಜೀವವೇ ಎಂದು ಎಲ್ಲರಿಗಿಂತ ಜೋರಾಗಿ ನಕ್ಕ. ಕಂಡಕ್ಟರರಿಗೂ ನಗು ಉಕ್ಕಿತು, ಅದರ ಬೆನ್ನಿಗೇ ಎರಡು ದಿನದಿಂದ ಬಾರದಿದ್ದ ಅಳುವೂ. ಹೆಡ್‌ಮಿಸ್ಸು ಅವರ ಭುಜ ಹಿಡಿದುಕೊಂಡರು. "ಕುರ್ಚಿ ಸಾಗಿಸೋಕೆ, ರಿಪೇರಿ ಮಾಡೋಕೆ ಯಾರ್ಯಾರು ಬರ್ತೀರಿ?" ಎಂದು ದರ್ಜಿ ಇದೇ ಸಮಯವೆಂದು ಕೂಗಿದ. ಬೇಕರಿಯವನ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು.

ಅದೇ ಹೊತ್ತಿಗೆ ಬಂದ ಕಟ್ಟಡದ ಮಾಲೀಕನಿಗೆ ತನ್ನದೇ ಕಟ್ಟಡದೊಳಗೆ ಕಾಲಿಡಲು ಜಾಗ ಸಿಗಲಿಲ್ಲ. ಬಾಗಿಲು ತುಂಬ ಬೆನ್ನುಗಳು. ಒಂದೆರಡು ಸಲ ಕೆಮ್ಮಿದ, ಯಾರೂ ತಿರುಗಲಿಲ್ಲ. ಒಳಗೆ ನಗು ಮತ್ತೆ ಸ್ಫೋಟಿಸಿತು. ಅವನು ಮುಂದಿದ್ದವನ ಅಂಗಿ ಜಗ್ಗಿದ.

"ಯಾರಂತೆ ಕಳ್ಳ?"

"ಆಗ್ಲೇ ಹೇಳಾಯ್ತು, ಲೇಟಾಗಿ ಬಂದ್ರಿ," ಎಂದ ಆತ, ತಿರುಗದೆಯೇ.

ಮಾಲೀಕ ಬೀದಿಯ ಆಚೆ ಈಚೆ ನೋಡಿದ. ಚಪ್ಪಲಿ ಬಿಟ್ಟು, ಗೋಡೆಗೊರಗಿಸಿದ್ದ ಊರುಗೋಲೊಂದನ್ನು ಕಂಕುಳಿಗೆ ಆನಿಸಿಕೊಂಡು, ಒಂದು ಕಾಲನ್ನು ಕಿಟಕಿ ಕೆಳಗಿನ ಕಟ್ಟೆಯ ಅಂಚಿಗಿಟ್ಟು ಮೇಲೇರಿ, ಕಿಟಕಿಯ ಸರಳುಗಳ ನಡುವೆ ಕಿವಿ ತೂರಿಸಿದ.